ಮರಳನ್ನು ಪೈಪಿನಲ್ಲಿ ದಾಟಿಸುವ ಊರು

"ಇಲ್ಲಿ ಸೂರ್ಯ ಎಲ್ಲಿ ಮುಳುಗುವುದು ಮಗಾ?"

ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟಿನ ಮರಳಿನ ಮೇಲೆ ಕುಳಿತು ಅಮ್ಮ ಮೊದಲು ಕೇಳಿದ್ದೇ ಇದು. ಅಮ್ಮ ಉಳ್ಳಾಲದವಳು. ಸೂರ್ಯ ಕಡಲಿಗೆ ಇಳಿಯುವುದನ್ನು ನೋಡುತ್ತಲೇ ಅರುವತ್ತು ದಾಟಿದವಳು. ಇಲ್ಲಿ ಕಡಲು ಪೂರ್ವಕ್ಕೆ. ಸೂರ್ಯ ಬೆಳಿಗ್ಗೆ ನೀರಿನಿಂದ ಎದ್ದು, ಸಂಜೆ ಬೆನ್ನ ಹಿಂದಿನ ಕಟ್ಟಡಗಳ ನಡುವೆ ಎಲ್ಲೋ ಕಾಣೆಯಾಗುತ್ತಾನೆ. ಆ ಕಟ್ಟಡಗಳಾದರೂ ಎಂಥವು! ಕ್ಯೂ1 ಅನ್ನುವುದಕ್ಕೆ 78 ಮಹಡಿ, ತುದಿಯ ಕಂಬವೂ ಸೇರಿ 322 ಮೀಟರ್. ಮಧ್ಯಾಹ್ನ ಇಳಿಯುತ್ತಿದ್ದಂತೆ ಅವುಗಳ ನೆರಳು ಉದ್ದುದ್ದ ಪಟ್ಟಿಗಳಾಗಿ ಬೀಚಿನ ಮೇಲೆ ಬೀಳುತ್ತದೆ. ಬಿಸಿಲು ಕಾಯಲು ಬಂದವರು ಚಾಪೆ, ಟವೆಲು ಎತ್ತಿಕೊಂಡು ಬಿಸಿಲಿದ್ದ ಕಡೆಗೆ ಸರಿಯುತ್ತಾರೆ.

"ಇಷ್ಟು ದುಡ್ಡು ಕೊಟ್ಟು ಬಂದು ನೆರಳಿನಲ್ಲಿ ಕೂರುವುದಾ?" ಅಂದಳು ಅಮ್ಮ.

ನಾವು ಕೊಟ್ಟ ದುಡ್ಡು ದೊಡ್ಡದೇನಲ್ಲ. ಬ್ರಿಸ್ಬೇನಿನಿಂದ ಹೆಲೆನ್ಸ್‌ವೇಲ್ ತನಕ ರೈಲು, ಅಲ್ಲಿಂದ ಸರ್ಫರ್ಸ್ ಪ್ಯಾರಡೈಸ್‌ಗೆ ಟ್ರ್ಯಾಮ್. ಎಲ್ಲ ಸೇರಿ ಒಬ್ಬರಿಗೆ 50 ಸೆಂಟ್. 2024ರ ಆಗಸ್ಟ್‌ನಿಂದ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಊರ ಸಾರಿಗೆಯ ಬಸ್ಸು, ರೈಲಿಗೆ ಎಷ್ಟು ದೂರ ಹೋದರೂ ಇಷ್ಟೇ. ಅಮ್ಮನಿಗೆ ರೂಪಾಯಿ ಲೆಕ್ಕದಲ್ಲಿ ಹೇಳಿದೆ. "ಮಂಗಳೂರಿನ ಸ್ಟೇಟ್‌ಬ್ಯಾಂಕ್ ಸ್ಟ್ಯಾಂಡಿನಿಂದ ತೊಕ್ಕೊಟ್ಟಿಗೆ ಬಸ್ಸಿನಲ್ಲಿ ಹೋದ ಹಾಗಾಯಿತು" ಅಂತ ಖುಷಿಪಟ್ಟಳು.

ಇದು 2025ರ ಜನವರಿ, ಇಲ್ಲಿಯ ಬೇಸಿಗೆ. ಜನವೋ ಜನ. ಆದರೆ ಅಮ್ಮನಿಗೆ ಈ ಕಡಲು ಕಡಲಿನ ಹಾಗೆ ಅನ್ನಿಸಲಿಲ್ಲ. ದೋಣಿ ಇಲ್ಲ, ಬಲೆ ಒಣಗಿಸುವವರಿಲ್ಲ, ಮೀನಿನ ವಾಸನೆಯೂ ಇಲ್ಲ. ಸುಮ್ನೆ ತೆರೆಗಳ ಜೊತೆ ಆಟ. ಸೀರೆ ಮೊಣಕಾಲಿಗೆ ಎತ್ತಿಕೊಂಡು ನೀರಿಗಿಳಿದಳು, ಅಷ್ಟರಲ್ಲಿ ಪೀಪಿ ಊದಿದ ಸದ್ದು. ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ನೀರಿಗಿಳಿಯಬೇಕು ಎಂದು ಜೀವರಕ್ಷಕ ಕೈಸನ್ನೆ ಮಾಡಿದ. ನಾವಿದ್ದ ಕಡೆ ತೆರೆ ಕಡಿಮೆ, ನೀರು ಶಾಂತ. ಮೋಸ ಇರುವುದೇ ಅಲ್ಲಿ. ದಡಕ್ಕೆ ಬಂದ ನೀರು ಒಂದೇ ಓಣಿ ಹಿಡಿದು ವಾಪಸು ಹೋಗುವ ಜಾಗದಲ್ಲಿ ತೆರೆ ಮುರಿಯುವುದಿಲ್ಲ, ಸೆಳೆತ ಮಾತ್ರ ಜಾಸ್ತಿ. ನನಗೆ ಅವನು ಇದನ್ನು ವಿವರಿಸಬೇಕಾಗಿ ಬಂತು. ಅಮ್ಮನಿಗೆ ಬೇಕಾಗಿರಲಿಲ್ಲ. "ಗೊತ್ತುಂಟು ಮಾರಾಯ, ನಾನು ಪಾದ ಮಾತ್ರ ನೆನೆಸಿದ್ದು" ಅಂದಳು.

ಮಾರನೆಯ ದಿನ ನೋಡಿದ್ದು ನನಗೆ ಆ ಊರಿನ ಎಲ್ಲ ಗೋಪುರಗಳಿಗಿಂತ ದೊಡ್ಡದಾಗಿ ಕಂಡಿತು. ಪ್ರವಾಸಿಗರು ಅಷ್ಟಾಗಿ ಅದಕ್ಕಾಗಿ ಬರುವುದಿಲ್ಲ. ಊರಿನ ಉತ್ತರ ತುದಿಯಲ್ಲಿ ಸ್ಪಿಟ್ ಎಂಬ ಮರಳಿನ ನಾಲಗೆ ಇದೆ. ಅದರ ಕೊನೆಗೆ ನೆರಾಂಗ್ ನದಿಯ ಅಳಿವೆ. ಮೊದಲು ಆ ಅಳಿವೆ ಒಂದು ಕಡೆ ನಿಲ್ಲುತ್ತಿರಲಿಲ್ಲವಂತೆ, ಉತ್ತರಕ್ಕೆ ಸರಿಯುತ್ತಲೇ ಇತ್ತು. ಅದನ್ನು ಹಿಡಿದು ನಿಲ್ಲಿಸಲು ಎರಡು ಕಡೆ ಕಲ್ಲಿನ ಗೋಡೆ ಕಟ್ಟಿದರು. ಆದರೆ ಈ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 5 ಲಕ್ಷ ಘನ ಮೀಟರ್ ಮರಳು ದಕ್ಷಿಣದಿಂದ ಉತ್ತರಕ್ಕೆ ತೆರೆಗಳ ಜೊತೆ ನಡೆದುಕೊಂಡು ಹೋಗುತ್ತದೆ. ಗೋಡೆ ಅಡ್ಡ ಬಂದರೆ ಈಚೆ ಮರಳು ಗುಡ್ಡೆಯಾಗುತ್ತದೆ, ಆಚೆಯ ದಡ ಕರಗುತ್ತದೆ. ಅದಕ್ಕೆ 1986ರಲ್ಲೇ ಕಡಲಿಗೆ ಒಂದು ಉದ್ದನೆಯ ಕಟ್ಟೆಸೇತುವೆ ಚಾಚಿ, ಅದರ ಕೆಳಗೆ ಪಂಪು ಕೂರಿಸಿದರು. ಬಂದ ಮರಳನ್ನು ನೀರಿನ ಜೊತೆ ಹೀರಿ, ಅಳಿವೆಯ ಅಡಿಯಲ್ಲಿ ಪೈಪು ಹಾಯಿಸಿ, ಆಚೆಯ ದ್ವೀಪದ ದಡಕ್ಕೆ ಸುರಿಯುತ್ತಾರೆ. ಕಡಲು ಮಾಡುತ್ತಿದ್ದ ಕೆಲಸವನ್ನು ಮನುಷ್ಯರು ಮಾಡಿ ಮುಗಿಸುವುದು ಅಂತ ಇಟ್ಟುಕೊಳ್ಳಿ.

ಅಮ್ಮ ಕಂಬಿ ಹಿಡಿದು ಕೆಳಗೆ ನೋಡುತ್ತಾ ತುಂಬಾ ಹೊತ್ತು ನಿಂತಳು. ಉಳ್ಳಾಲದಲ್ಲಿ ಬೆಳೆದವರಿಗೆ ಕಡಲ್ಕೊರೆತ ಅಂದರೆ ಪೇಪರಿನ ಸುದ್ದಿ ಅಲ್ಲ. ಪ್ರತಿ ಮಳೆಗಾಲ ಮೊಗವೀರಪಟ್ಣ, ಬಟ್ಟಪ್ಪಾಡಿ ಅಂತ ಹೆಸರು ಕೇಳುತ್ತೇವೆ. ತೆಂಗಿನಮರ ಬೀಳುತ್ತದೆ, ಲಾರಿಯಲ್ಲಿ ಕಪ್ಪು ಕಲ್ಲು ಬರುತ್ತದೆ, ಮುಂದಿನ ವರ್ಷ ಆ ಕಲ್ಲೂ ಜಾರುತ್ತದೆ. ಅಳಿವೆ ಬಾಗಿಲಲ್ಲಿ ಕಲ್ಲಿನ ಗೋಡೆ ಕಟ್ಟಿದ ಮೇಲೆಯೇ ಇದೆಲ್ಲ ಜಾಸ್ತಿ ಆಯಿತು ಎಂದು ನಮ್ಮೂರಲ್ಲಿ ಹೇಳುವವರು ಬಹಳ ಮಂದಿ.

"ಇವರಿಗೆ ಇದು ಹೇಗೆ ಹೊಳೆಯಿತು?" ಅಂತ ಕೇಳಿದಳು.

ಪೆಟ್ಟು ತಿಂದೇ. 1967ರಲ್ಲಿ ಒಂದರ ಹಿಂದೆ ಒಂದು ಚಂಡಮಾರುತ ಬಂದು ಇಲ್ಲಿಯ ಬೀಚುಗಳನ್ನು ತಿಂದುಹಾಕಿದ್ದವು. ದಕ್ಷಿಣದ ಟ್ವೀಡ್ ನದಿಗೂ 1960ರ ದಶಕದಲ್ಲಿ ಗೋಡೆ ಉದ್ದ ಮಾಡಿ, ಕೂಲಂಗಟ್ಟಾ ಕಡೆಯ ಮರಳು ಕಳೆದುಕೊಂಡಿದ್ದರು. ಬೀಚು ಹೋದರೆ ಹೋಟೆಲೂ ಹೋಯಿತು, ಊರೂ ಹೋಯಿತು. ಹಾಲೆಂಡಿನ ತಜ್ಞರನ್ನು ಕರೆಸಿ ಕೇಳಿದರು. ಕಲ್ಲಿನ ಗೋಡೆ ಇಲ್ಲಿಯೂ ಉಂಟು, ಆದರೆ ಬಹುತೇಕ ಕಡೆ ಮರಳದಿಬ್ಬದ ಕೆಳಗೆ ಹೂತಿದೆ, ಕೊನೆಯ ಕಾವಲಿಗೆ. ಅದರ ಮುಂದೆ ಮರಳು ಇರಬೇಕು ಎಂಬುದೇ ಇವರ ಹಟ. 2001ರಿಂದ ಟ್ವೀಡ್ ಅಳಿವೆಯಲ್ಲೂ ಪಂಪು ಓಡುತ್ತಿದೆ. ಇದರಿಂದ ಸರ್ಫಿಂಗ್‌ನವರಿಗೆ ಒಂದು ಕಡೆ ಹೊಸ ತೆರೆ ಸಿಕ್ಕಿತು, ಕಿರಾ ಎಂಬ ಬೀಚಿನಲ್ಲಿ ಹಳೆಯ ಪ್ರಸಿದ್ಧ ತೆರೆ ಕೆಟ್ಟಿತು. ಆ ಜಗಳ ಬೇರೆ.

ಕೂಲಂಗಟ್ಟಾ ಅಂದಾಗ ನೆನಪಾಯಿತು. ಅಲ್ಲಿ ರಸ್ತೆಯ ಈಚೆ ಕ್ವೀನ್ಸ್‌ಲ್ಯಾಂಡ್, ಆಚೆ ನ್ಯೂ ಸೌತ್ ವೇಲ್ಸ್. ಬೇಸಿಗೆಯಲ್ಲಿ ಆಚೆಯವರು ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ಈಚೆಯವರು 1992ರಲ್ಲಿ ಮತ ಹಾಕಿ ಬೇಡ ಅಂದುಬಿಟ್ಟರು. ರಸ್ತೆ ದಾಟಿದರೆ ಹೊಸ ವರ್ಷವನ್ನು ಎರಡು ಸಲ ಆಚರಿಸಬಹುದು. ನಾವು ಊಟಕ್ಕೆ ಆಚೆ ಹೋಗಿ, ಅಡುಗೆಮನೆ ಮುಚ್ಚಿತು ಅನ್ನಿಸಿಕೊಂಡು ಹಸಿದು ಬಂದೆವು.

ಅಮ್ಮ ಊರಿಗೆ ಹೋದಳು. ಮಾರ್ಚ್‌ನಲ್ಲಿ ಆಲ್ಫ್ರೆಡ್ ಎಂಬ ಚಂಡಮಾರುತ ಬಂತು. ದಿನಗಟ್ಟಲೆ ಕಡಲಲ್ಲೇ ನಿಂತು ತೆರೆಗಳನ್ನು ಎಬ್ಬಿಸಿತು. ಆಮೇಲೆ ಹೋಗಿ ನೋಡಿದರೆ, ನಾವು ಕುಳಿತಿದ್ದ ಬೀಚು ಇಲ್ಲ. ಮೆಟ್ಟಿಲು ಇಳಿದರೆ ಆಳೆತ್ತರದ ಮರಳಿನ ಕಡಿ, ಅದರ ಕೆಳಗೆ ನೇರ ನೀರು. ಫೋಟೋ ಕಳಿಸಿದೆ. ಅಮ್ಮ ನೋಡಿ, ನಮ್ಮಲ್ಲಿ ಹೀಗಾದರೆ ಮನೆಯವರು ಮನೆ ಬಿಡಲು ಪಾತ್ರೆ ಹೊರಗೆ ಇಡುತ್ತಾರೆ ಅಂದಳು. ಇಲ್ಲಿಯವರು ಕಡಲಿನಿಂದ ಮರಳೆತ್ತುವ ಹಡಗು ತರಿಸಿ, ಹೋದ ಮರಳನ್ನು ವಾಪಸು ದಡಕ್ಕೆ ಸುರಿದರು.

ಜೂನ್‌ನಲ್ಲಿ ಫೋನು ಮಾಡಿದಾಗ ಉಳ್ಳಾಲದಲ್ಲಿ ಜೋರು ಮಳೆ. ಹಿಂದಿನಿಂದ ಕಡಲಿನ ಸದ್ದು ಕೇಳುತ್ತಿತ್ತು, ಅಥವಾ ಹಾಗೆ ನನಗೆ ಕೇಳಿತು. ನಾನು ಮನೆ ಹೇಗುಂಟು ಅಂತ ಕೇಳುವ ಮೊದಲೇ ಅಮ್ಮ ಕೇಳಿದಳು:

"ನಿಮ್ಮಲ್ಲಿ ಮರಳು ಬಂತಾ?"