ಮರ ಒಯ್ದರೆ ಮೀನೂ ಹೋಗುತ್ತೆ

ಈ ವಾರ ಆನೆಗೊಂದಿ ಹತ್ತಿರ ತುಂಗಭದ್ರಾ ಹೊಳೆ ದಂಡೆಯಲ್ಲಿ ಕೇಳಿದ ಒಂದು ಮಾತು ತಲೆಯಿಂದ ಹೋಗ್ತಾನೇ ಇಲ್ಲ. "ಮರ ಒಯ್ರಿ. ಅದರ ಹಿಂದ ಮೀನೂ ಹೊಕ್ಕಾವ."

ಹೇಳಿದವರು ವಯಸ್ಸಾದ ಮೀನುಗಾರರು. ಡ್ಯಾಂ ನೀರು ಬಿಟ್ಟಾಗ ತೇಲಿ ಬಂದ ಹೊಳೆಮತ್ತಿ ಮರವೊಂದು ಬಂಡೆಗಳ ನಡುವೆ ಸಿಕ್ಕಿಕೊಂಡಿತ್ತು. ಅದನ್ನು ಎಳೆದು ಕಟ್ಟಿಗೆ ಮಾಡಲು ಹುಡುಗರು ಟ್ರ್ಯಾಕ್ಟರ್ ತಂದಿದ್ದರು. ಕೆಟ್ಟ ಹುಡುಗರೇನಲ್ಲ. ಬಿದ್ದ ಮರ ಒಯ್ದರೆ ಯಾರಿಗೇನು ನಷ್ಟ ಅಂತ ಅವರ ಲೆಕ್ಕ. ಆದರೆ ಅಜ್ಜನ ಮಾತಿಗೆ ನಕ್ಕರಲ್ಲ, ಅದು ನನಗೆ ಸರಿ ಕಾಣಲಿಲ್ಲ. ಹೊಳೆಯಲ್ಲೇ ಬದುಕು ಸವೆಸಿದವರ ಮಾತು ಅದು.

ನಾನು ಬಗ್ಗಿ ನೋಡಿದೆ. ನೀರೊಳಗಿನ ಕೊಂಬೆಗೆ ಹಸಿರು ಪಾಚಿ ದಪ್ಪಗೆ ಹತ್ತಿತ್ತು. ಬೆರಳುದ್ದದ ಮೀನುಗಳು ಹರಿವಿಗೆ ಎದುರಾಗಿ ನಿಂತು ಅದನ್ನು ಕಚ್ಚುತ್ತಿದ್ದವು. ತೊಗಟೆ ಬಿರುಕಿನಲ್ಲಿ ಸಿಗಡಿ. ಕೊಂಬೆಯ ಹಿಂದೆ ನೀರಿನ ಸೆಳೆತ ಕಡಿಮೆ, ಮರಿಗಳಿಗೆ ಅಲ್ಲಿ ಉಸಿರಾಡಲು ಜಾಗ. ಮರಿ ಇದ್ದಲ್ಲಿಗೆ ಬಾಳೆ ಮೀನು ಬಂದೇ ಬರುತ್ತೆ. ಅಜ್ಜ ಬಲೆ ಬಿಡುವುದೂ ಅಲ್ಲೇ.

ಹುಡುಗರು ಮೇಲಿನ ಕೊಂಬೆ ಕಡಿದು ಒಯ್ದರು. ಬೇರಿನ ಕಡೆಯದು ಜಗ್ಗಲಿಲ್ಲ, ಉಳಿಯಿತು.

"ಅದರ ಹಿಂದ ಮೀನೂ ಹೊಕ್ಕಾವ." ಅಮೆರಿಕದ ಪಶ್ಚಿಮ ಕರಾವಳಿಯವರಿಗೆ ಇದು ತಿಳಿಯಲು ಬಹಳ ಕಾಲ ಹಿಡಿಯಿತು. ಸಾಲ್ಮನ್ ಮೀನಿಗೆ ದಾರಿ ಆಗಲಿ ಅಂತ ಹೊಳೆಗಳಲ್ಲಿ ಬಿದ್ದ ಮರಗಳನ್ನು 1970ರ ದಶಕದವರೆಗೂ ತೆಗೆಸಿದರು. ಮಡುಗಳು ಹೋದವು, ಮರಿಗಳಿಗೆ ಆಸರೆ ತಪ್ಪಿತು. ಈಗ ಯಂತ್ರ ತಂದು ಮತ್ತೆ ದಿಮ್ಮಿ ಹಾಕಿಸುತ್ತಿದ್ದಾರೆ. ಆಫ್ರಿಕಾದ ಬೆನಿನ್ ದೇಶದ ಮೀನುಗಾರರು ಮಾತ್ರ ಹಿಂದಿನಿಂದಲೂ ಆಳವಿಲ್ಲದ ಹಿನ್ನೀರಿನಲ್ಲಿ ಕೊಂಬೆ ನೆಟ್ಟು ಮೀನು ಸೇರಿಸುತ್ತಾರೆ. ಅವರೂ ನಮ್ಮ ಅಜ್ಜನಂಥವರೇ.

ಇದರ ಇನ್ನೊಂದು ಮಗ್ಗುಲು ನನಗೆ ಇನ್ನೂ ಇಷ್ಟ. ಅದೇ ಅಮೆರಿಕದ ಕರಾವಳಿಯಲ್ಲಿ, ಮೊಟ್ಟೆಯಿಡಲು ಕಡಲಿನಿಂದ ಹೊಳೆ ಹತ್ತುವ ಸಾಲ್ಮನ್‌ಗಳನ್ನು ಕರಡಿಗಳು ಹಿಡಿದು ಕಾಡಿಗೆ ಎಳೆದೊಯ್ಯುತ್ತವೆ. ತಿಂದು ಬಿಟ್ಟದ್ದು ಅಲ್ಲೇ ಕೊಳೆತು ಮರಗಳಿಗೆ ಗೊಬ್ಬರವಾಗುತ್ತೆ. ದಂಡೆಯ ಸ್ಪ್ರೂಸ್ ಮರಗಳಲ್ಲಿ ಹೀಗೆ ಸಮುದ್ರದಿಂದ ಬಂದ ಸಾರಜನಕ ಸಿಕ್ಕಿದೆ. ಕಡಲಲ್ಲಿ ಬೆಳೆದ ಮೀನು ಬೆಟ್ಟದ ಮರದೊಳಗೆ ಸೇರಿಬಿಟ್ಟಿದೆ!

ನಮ್ಮ ಕಡೆ ಕರಡಿ ಇದೆ, ಸಾಲ್ಮನ್ ಇಲ್ಲ. ಆದರೆ ಇಲ್ಲೂ ಮರವಿಲ್ಲದೆ ಮೀನುಗಾರಿಕೆ ಇಲ್ಲ. ಸುಮಾರು 1520ರಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಜನ ಆನೆಗೊಂದಿಗೆ ದಾಟುವ ದೋಣಿಗಳು ಬುಟ್ಟಿಯಂತೆ ದುಂಡಗಿವೆ, ಒಳಗೆ ಬೆತ್ತ, ಹೊರಗೆ ಚರ್ಮ ಅಂತ ಬರೆದಿದ್ದಾನೆ. ಅಜ್ಜನ ಹರಿಗೋಲಿಗೂ ಬಿದಿರಿನದೇ ಹೆಣಿಗೆ. ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿದೆ, ಅಷ್ಟೇ.

2015ರಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಹೊಳೆಯನ್ನು ನೀರುನಾಯಿಗಳಿಗಾಗಿ ಸಂರಕ್ಷಿತ ಅಂತ ಘೋಷಿಸಿದರು. ತುಂಬಾ ಒಳ್ಳೆಯ ಕೆಲಸ. ನೀರುನಾಯಿಗೆ ಮೀನು ಬೇಕು, ಮೀನಿಗೆ ಬಿದ್ದ ಮರವೂ ಬೇಕು, ಅಲ್ವಾ? ಮುಂದಿನ ಗ್ರಾಮಸಭೆಯಲ್ಲಿ ಎದ್ದು ಕೇಳಬೇಕು ಅಂತಿದ್ದೇನೆ: ದಂಡೆ ಸ್ವಚ್ಛ ಮಾಡುವಾಗ ಪ್ಲಾಸ್ಟಿಕ್ ಎಲ್ಲ ತೆಗೆಯಿರಿ, ನೀರಲ್ಲಿ ಬಿದ್ದ ಮರ ಬಿಡಿ. ಬೋಳಾದ ಕಡೆ ಹೊಳೆಮತ್ತಿ, ಹೊಂಗೆ ನೆಡಿ.