ನಾರ್ಮಲ್ ಸೊಂಟ ಅಂದರೆ ಎಷ್ಟು ಮಿಲಿಮೀಟರ್?

ಕೆಲವು ತಿಂಗಳಿಂದ ನನ್ನ ಕೆಲಸ ಸೊಂಟದ ಭಾಗದ ಬೆನ್ನುಮೂಳೆ ಅಳೆಯುವುದು. ಸಿಟಿ ಸ್ಕ್ಯಾನ್ ತೆರೆಯುವುದು, ಮೌಸ್ ಹಿಡಿದು ಈ ಅಂಚಿನಿಂದ ಆ ಅಂಚಿಗೆ ಗೆರೆ ಎಳೆಯುವುದು, ಬಂದ ಅಂಕಿ ಬರೆದುಕೊಳ್ಳುವುದು. ಯಾರಿಗೆ ಹೇಳಿದರೂ "ಬೆನ್ನುನೋವಿನವರದ್ದಾ?" ಅಂತ ಕೇಳುತ್ತಾರೆ. ಅಲ್ಲ, ನೋವಿಲ್ಲದವರದ್ದು. ಕಿಡ್ನಿಯಲ್ಲಿ ಕಲ್ಲು ಅಂತಲೋ ಇನ್ನೇನೋ ಅಂತಲೋ ಹೊಟ್ಟೆಯ ಸ್ಕ್ಯಾನ್ ಮಾಡಿಸಿದವರ ಚಿತ್ರದಲ್ಲಿ ಬೆನ್ನುಮೂಳೆ ಪುಕ್ಕಟೆಯಾಗಿ ಸಿಗುತ್ತದೆ. ಅಳತೆಗಾಗಿಯೇ ಆರೋಗ್ಯವಾಗಿರುವವರನ್ನು ಕರೆದು ಸುಮ್ನೆ ಎಕ್ಸ್‌ರೇ ಕಿರಣ ಹಾಯಿಸುವುದು ಸರಿಯಲ್ಲ, ಅಲ್ವಾ.

ಸುಲಭದ ಕೆಲಸ ಅಂದುಕೊಂಡಿದ್ದೆ. ಎಣಿಕೆಯಲ್ಲೇ ಎಡವಿದೆ.

ಸೊಂಟದಲ್ಲಿ ಬೆನ್ನುಮೂಳೆಯ ಐದು ಮಣಿ, ಎಲ್1ರಿಂದ ಎಲ್5. ಆದರೆ ಕೆಲವರಲ್ಲಿ ಐದನೆಯದು ಕೆಳಗಿನ ತ್ರಿಕೋನದಂಥ ಮೂಳೆ, ಸೇಕ್ರಮ್‌ಗೆ ಅಂಟಿಕೊಂಡು ನಾಲ್ಕೇ ಇದ್ದ ಹಾಗೆ ಕಾಣುತ್ತದೆ, ಇನ್ನು ಕೆಲವರಲ್ಲಿ ಸೇಕ್ರಮ್‌ನ ಮೇಲಿನ ತುಂಡು ಬಿಡಿಯಾಗಿ ನಿಂತು ಆರು ಅನ್ನಿಸುತ್ತದೆ. ಕುತ್ತಿಗೆಯಿಂದ ಎಣಿಸಿಕೊಂಡು ಬರೋಣ ಅಂದರೆ ಹೊಟ್ಟೆಯ ಸ್ಕ್ಯಾನ್‌ನಲ್ಲಿ ಕುತ್ತಿಗೆ ಎಲ್ಲಿರುತ್ತದೆ? ಕೊನೆಯ ಪಕ್ಕೆಲುಬನ್ನು ನಂಬಬೇಕು, ಅದೂ ಒಮ್ಮೊಮ್ಮೆ ಮೋಸ ಮಾಡುತ್ತದೆ. ಇಲ್ಲಿ ತಪ್ಪಿದರೆ ಎಲ್4ರ ಅಳತೆಯೆಲ್ಲ ಎಲ್5ರ ಸಾಲಿಗೆ ಹೋಗಿ ಕೂರುತ್ತದೆ.

ಆಮೇಲೆ ನರಗಳು ಇಳಿದು ಬರುವ ಕಾಲುವೆ. ಮುಂದಿನಿಂದ ಹಿಂದಕ್ಕೆ ಅದು ಸಾಮಾನ್ಯವಾಗಿ 15ರಿಂದ 25 ಮಿ.ಮೀ. ಇರುತ್ತದೆ. 12ಕ್ಕಿಂತ ಕಡಿಮೆ ಇದ್ದರೆ ಇಕ್ಕಟ್ಟು, 10ಕ್ಕಿಂತ ಕಡಿಮೆಯಾದರೆ ಜಾಸ್ತಿ ಇಕ್ಕಟ್ಟು ಅನ್ನುವ ಲೆಕ್ಕ ಹಳೆಯದು, ಇಂದಿಗೂ ಬಳಕೆಯಲ್ಲಿದೆ. ನನಗೆ ಈ ಅಂಕಿಗಳ ಮೇಲಿನ ಭಕ್ತಿ ಸ್ವಲ್ಪ ಕಡಿಮೆಯಾಗಿದೆ. ಪೈಪನ್ನು ವಾರೆಯಾಗಿ ಕತ್ತರಿಸಿದರೆ ಬಾಯಿ ಉದ್ದವಾಗುತ್ತದಲ್ಲ, ಇಲ್ಲೂ ಅದೇ ಕಥೆ. ಸೊಂಟದ ತಳದಲ್ಲಿ ಮೂಳೆ ಚೆನ್ನಾಗಿ ಬಾಗಿರುತ್ತದೆ. ಸ್ಕ್ಯಾನ್‌ನ ಪದರವನ್ನು ಆ ಬಾಗಿಗೆ ತಕ್ಕಂತೆ ತಿರುಗಿಸಿಕೊಳ್ಳದೆ ಅಳೆದರೆ, 30 ಡಿಗ್ರಿ ವಾರೆಗೆ 15 ಮಿ.ಮೀ. ಕಾಲುವೆ 17 ದಾಟಿಬಿಡುತ್ತದೆ. ಮೂಳೆ ಬೆಳೆದಿಲ್ಲ, ಗೆರೆ ಸೊಟ್ಟ ಅಷ್ಟೇ. ಪರದೆಯ ಕಾಂಟ್ರಾಸ್ಟ್ ಬದಲಿಸಿದರೂ ಮೂಳೆಯ ಅಂಚು ದಪ್ಪ ಆಗಿ, ತೆಳ್ಳಗಾಗಿ ಕಾಣುತ್ತದೆ. ನಾನೇ ಅಳೆದ ಸ್ಕ್ಯಾನನ್ನು ವಾರ ಬಿಟ್ಟು, ಹಳೆಯ ಅಂಕಿ ನೋಡದೆ ಮತ್ತೆ ಅಳೆದೆ. ಒಂದು ಮಿಲಿಮೀಟರ್ ಆಚೀಚೆ. ಬೇಜಾರಾಯಿತು, ಆದರೆ ಇಬ್ಬರು ಬೇರೆ ಬೇರೆಯಾಗಿ ಅಳೆದು ತಾಳೆ ನೋಡುವುದು ಯಾಕೆ ಅಂತ ಆವತ್ತು ಅರ್ಥವಾಯಿತು.

ಮಣಿಯ ಹಿಂದಿನ ಕಂಬದಂಥ ಭಾಗ, ಪೆಡಿಕಲ್, ಇದಕ್ಕಿಂತ ಸಾಧು. ಎಲ್1ರಿಂದ ಎಲ್5ಕ್ಕೆ ಇಳಿದಂತೆ ಅಗಲವಾಗುತ್ತಾ ಹೋಗುತ್ತದೆ. ಸರ್ಜನ್‌ಗಳು ಸ್ಕ್ರೂ ಹಾಕುವುದು ಅದರೊಳಗೇ, ಹಾಗಾಗಿ ಆ ಅಳತೆಗೆ ಬೇಡಿಕೆ ಇದೆ.

ಮಣಿಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್‌ನ ಎತ್ತರ ಮಾತ್ರ ಗಡಿಯಾರ ನೋಡಿಕೊಂಡು ಬದಲಾಗುತ್ತದೆ. ರಾತ್ರಿ ಮಲಗಿದಾಗ ನೀರು ಹೀರಿ ಉಬ್ಬುತ್ತದೆ, ಹಗಲೆಲ್ಲ ಮೈಭಾರಕ್ಕೆ ಇಳಿಯುತ್ತದೆ. ಸಂಜೆ ಹೊತ್ತಿಗೆ ನಾವೆಲ್ಲ ಒಂದು ಸೆಂಟಿಮೀಟರ್‌ನಷ್ಟೋ ಇನ್ನೂ ತುಸು ಜಾಸ್ತಿಯೋ ಕುಳ್ಳಗಾಗಿರುತ್ತೇವೆ. ಸೊಂಟದ ಬಾಗೂ ಅಷ್ಟೇ, ನಿಂತಾಗ ಒಂದು, ಮೊಣಕಾಲಡಿ ದಿಂಬಿಟ್ಟು ಮಲಗಿದಾಗ ಇನ್ನೊಂದು. ಸಿಟಿ, ಎಂಆರ್‌ಐ ಎರಡರಲ್ಲೂ ಸಾಮಾನ್ಯವಾಗಿ ಮಲಗಿಸಿಯೇ ತೆಗೆಯುವುದು.

ಹೋಗಲಿ, ನಾರ್ಮಲ್ ಅಂತ ಯಾರನ್ನು ಆರಿಸಬೇಕು? 1994ರಲ್ಲಿ ಬೆನ್ನುನೋವಿಲ್ಲದ 98 ಜನರ ಎಂಆರ್‌ಐ ನೋಡಿದ ಅಧ್ಯಯನವೊಂದು ಬಂತು. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಒಂದಾದರೂ ಡಿಸ್ಕ್ ಹೊರಕ್ಕೆ ಉಬ್ಬಿತ್ತು. ಎಲ್ಲ ಡಿಸ್ಕೂ ಸರಿಯಾಗಿದ್ದವರು 36 ಶೇಕಡಾ ಮಾತ್ರ. ಉಬ್ಬಿದವರನ್ನೆಲ್ಲ ಪಟ್ಟಿಯಿಂದ ತೆಗೆದರೆ ಉಳಿಯುವವರೇ ಅಪರೂಪದವರು. ನಾನು ತೆಗೆಯಲಿಲ್ಲ. ನೋವಿನ ದಾಖಲೆ ಇಲ್ಲದಿದ್ದರೆ, ಮುರಿತ, ಆಪರೇಷನ್ ಇಲ್ಲದಿದ್ದರೆ ಒಳಗೆ ಸೇರಿಸಿದೆ.

ಮೊನ್ನೆ ಸ್ನೇಹಿತನೊಬ್ಬ ತನ್ನ ರಿಪೋರ್ಟ್‌ನ ಫೋಟೋ ಕಳಿಸಿ, "ಕಾಲುವೆ 13 ಮಿ.ಮೀ. ಅಂತೆ, ಕಮ್ಮಿ ಅಲ್ವಾ? ಗಾಬರಿ ಆಗ್ತಿದೆ" ಅಂದ. ಯಾವ ಮಣಿಯ ಹತ್ತಿರ, ಅಳೆದದ್ದು ಮೂಳೆಯನ್ನೋ ಒಳಗಿನ ನರದ ಚೀಲವನ್ನೋ, ಕಾಲು ಜೋಮು ಹಿಡಿಯುತ್ತದೆಯೋ ಅಂತ ಕೇಳಿದೆ.

"ಮೊದಲ ಎರಡು ಇದರಲ್ಲಿ ಬರೆದಿಲ್ಲ ಮಾರಾಯ. ಕಾಲು ಚೆನ್ನಾಗಿದೆ, ಈಗಷ್ಟೇ ವಾಕ್ ಮುಗಿಸಿ ಬಂದೆ."