ಬೋರ್ಡ್ ಹೊಸದು, ಪಾರ್ಟಿಯೂ ಬೇಕು: ಹಾಗಾದರೆ ಮೈರ್‌ಹೋಫೆನ್

ಸ್ನೋಬೋರ್ಡ್ ಕಲಿಯಬೇಕು, ಸಂಜೆಗೆ ಒಳ್ಳೆ ಪಾರ್ಟಿಯೂ ಇರಬೇಕು. ಹೀಗಂದುಕೊಂಡು ಆಲ್ಪ್ಸ್‌ನಲ್ಲಿ ಊರು ಹುಡುಕಲು ಕೂತರೆ ಮೊದಲು ಎದುರಾಗುವ ಹೆಸರು ಸಾಂಕ್ಟ್ ಆಂಟೋನ್. ಅದರ ಹಿಂದೆಯೇ ಇಶ್ಗಲ್. ಎರಡೂ ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದಲ್ಲಿವೆ, ಎರಡೂ ಕುಡಿತ-ಕುಣಿತಕ್ಕೆ ಹೆಸರುವಾಸಿ. ಆದರೆ ನಾನು ಮ್ಯೂನಿಕ್‌ನಿಂದ ಹೊರಟದ್ದು ಅದೇ ಟಿರೋಲ್‌ನ ಮೈರ್‌ಹೋಫೆನ್‌ಗೆ. ನನ್ನ ಹಾಗೆ ಬೋರ್ಡ್ ಮೇಲೆ ಇನ್ನೂ ನೆಟ್ಟಗೆ ನಿಲ್ಲಲು ಬಾರದವರಿಗೆ ಇದೇ ಸರಿಯಾದ ಜಾಗ ಅಂತ ನನ್ನ ಅಭಿಪ್ರಾಯ.

ಊರು ಆರಿಸುವಾಗ ಎಲ್ಲರೂ ಎಷ್ಟು ಕಿಲೋಮೀಟರ್ ಇಳಿಜಾರಿದೆ, ಎಷ್ಟು ಬಾರ್‌ಗಳಿವೆ ಅಂತ ಎಣಿಸುತ್ತಾರೆ. ಹೊಸಬರು ಕೇಳಬೇಕಾದ ಪ್ರಶ್ನೆ ಬೇರೆ. ಬಾರ್ ಎಲ್ಲಿದೆ? ಬೆಟ್ಟದ ಮೇಲೋ, ಕೆಳಗೋ?

ಸಾಂಕ್ಟ್ ಆಂಟೋನ್ ಉದಾಹರಣೆ ನೋಡಿ. ಅಲ್ಲಿನ ಅತಿ ಪ್ರಸಿದ್ಧ ಪಾರ್ಟಿ ಜಾಗ ಮೂಸರ್‌ವಿರ್ಟ್. ಅದು ಇರುವುದು ಊರೊಳಗಲ್ಲ, ಊರಿನ ಮೇಲಿನ ಇಳಿಜಾರಿನಲ್ಲಿ. ಮಧ್ಯಾಹ್ನ ಹಾಡು ಶುರುವಾಗುತ್ತದೆ. ಜನ ಸ್ಕೀ ಬೂಟಿನಲ್ಲೇ ಕುಣಿಯುತ್ತಾರೆ. ಆಮೇಲೆ ಕತ್ತಲಾಗುತ್ತದೆ, ಉಳಿದ ಇಳಿಜಾರನ್ನು ಹೆಚ್ಚಿನವರು ಜಾರಿಕೊಂಡೇ ಇಳಿಯುತ್ತಾರೆ. ಚಿಕ್ಕಂದಿನಿಂದ ಸ್ಕೀ ಮಾಡಿದವರು ಹೇಗೋ ಇಳಿದುಬಿಡುತ್ತಾರೆ. ನಮ್ಮಂಥವರ ಕಥೆ? ದಿನವಿಡೀ ಜನ ಓಡಾಡಿದ ಇಳಿಜಾರು ಸಂಜೆಗೆ ಗುಡ್ಡೆ ಗುಡ್ಡೆಯಾಗಿ, ನಡುನಡುವೆ ಐಸ್ ಗಟ್ಟಿಯಾಗಿ ನಿಂತಿರುತ್ತದೆ. ಕುಡಿಯದೆ ಇಳಿಯುವುದೇ ಕಷ್ಟ, ಇನ್ನು ಕುಡಿದು ಇಳಿಯುವುದು ದೂರದ ಮಾತು. ಸಾಲದ್ದಕ್ಕೆ ಸಾಂಕ್ಟ್ ಆಂಟೋನ್‌ನ ನೀಲಿ ದಾರಿಗಳೇ ಬೇರೆ ಊರಿನ ಕೆಂಪು ದಾರಿಗಳಷ್ಟು ಕಡಿದಾಗಿವೆ. ಯೂರೋಪಿನಲ್ಲಿ ನೀಲಿ ಅಂದರೆ ಸುಲಭ, ಕೆಂಪು ಅಂದರೆ ಮಧ್ಯಮ, ಕಪ್ಪು ಅಂದರೆ ನಮಗಲ್ಲ.

ಈಗ ಮೈರ್‌ಹೋಫೆನ್‌ಗೆ ಬನ್ನಿ. ಊರು ಇರುವುದು ಸುಮಾರು 630 ಮೀಟರ್ ಎತ್ತರದಲ್ಲಿ, ಝಿಲ್ಲರ್‌ಟಾಲ್ ಕಣಿವೆಯ ತಳದಲ್ಲಿ. ಒಂದು ಕಡೆ ಅಹೋರ್ನ್ ಬೆಟ್ಟ, ಇನ್ನೊಂದು ಕಡೆ ಪೆಂಕನ್ ಬೆಟ್ಟ. ಊರಿನ ಬೀದಿಯಲ್ಲಿ ಎಷ್ಟೋ ಸಲ ಸ್ನೋ ಇರುವುದೇ ಇಲ್ಲ, ನೋಡಿ ಗಾಬರಿಯಾಗಬೇಡಿ. ಆಟ ಇರುವುದೆಲ್ಲ ಮೇಲೆ. ಪೆಂಕನ್‌ನಿಂದ ಊರಿಗೆ ಇಳಿಜಾರಿನ ದಾರಿಯೇ ಇಲ್ಲ. ಎಂಥ ನಿಪುಣನಾದರೂ ಸಂಜೆ ಗೊಂಡೋಲದಲ್ಲೇ, ಅಂದರೆ ತಂತಿಗೆ ತೂಗಿಕೊಂಡು ಓಡುವ ಡಬ್ಬಿಯಲ್ಲೇ, ಇಳಿದು ಬರಬೇಕು. ಚೆನ್ನಾಗಿ ಸ್ಕೀ ಮಾಡುವವರು ಇದನ್ನು ಊರಿನ ದೊಡ್ಡ ಕೊರತೆ ಅಂತ ಗೊಣಗುತ್ತಾರೆ. ಹೊಸಬರಿಗೆ ಇದು ವರ. ಕೊನೆಯ ಇಳಿಜಾರಿನ ಭಯವಿಲ್ಲ, ನಾಚಿಕೆಯೂ ಇಲ್ಲ, ಯಾಕೆಂದರೆ ಎಲ್ಲರೂ ಅದರಲ್ಲೇ ಬರುತ್ತಾರೆ.

ಈ ಪೆಂಕನ್‌ಬಾನ್ ಗೊಂಡೋಲ 2015ರಲ್ಲಿ ಹೊಸದಾಗಿ ಕಟ್ಟಿದ್ದು, ಒಂದು ಡಬ್ಬಿಯಲ್ಲಿ 24 ಜನ ಹಿಡಿಯುತ್ತಾರೆ. ಕೆಳಗಿನ ನಿಲ್ದಾಣ ಊರಿನ ನಡುವೆಯೇ ಇದೆ. ಹೊರಗೆ ಕಾಲಿಟ್ಟರೆ ಪಕ್ಕದಲ್ಲೇ ಸ್ಟ್ರಾಸ್ ಹೋಟೆಲಿನ ಐಸ್ ಬಾರ್. ಅಲ್ಲಿಂದ ರೂಮಿಗೆ ನಡೆದುಕೊಂಡೇ ಹೋಗಬಹುದು.

ಆದರೆ ಕಲಿಯಲು ಮೊದಲ ದಿನವೇ ಪೆಂಕನ್ ಹತ್ತಬೇಡಿ. ಅಹೋರ್ನ್‌ನಿಂದ ಶುರು ಮಾಡಿ. ಅಲ್ಲಿಗೆ ಹೋಗುವ ಕೇಬಲ್ ಕಾರ್‌ನಲ್ಲಿ ಒಮ್ಮೆಗೆ 160 ಜನ ನಿಲ್ಲುತ್ತಾರೆ. ಮೇಲೆ ಸುಮಾರು 2000 ಮೀಟರ್‌ನಲ್ಲಿ ಅಗಲವಾದ ಬಯಲು, ಸಲೀಸಾದ ಇಳಿಜಾರು, ಜಾಸ್ತಿ ನೂಕುನುಗ್ಗಲಿಲ್ಲ. ಮಕ್ಕಳು, ಅಜ್ಜ-ಅಜ್ಜಿಯರು, ನಮ್ಮಂಥವರು ಎಲ್ಲ ಅಲ್ಲೇ. ಬಿದ್ದರೆ ಹಿಂದಿನಿಂದ ಯಾರೋ ರಭಸವಾಗಿ ಬಂದು ಗುದ್ದುತ್ತಾರೆ ಅನ್ನುವ ಭಯ ಕಡಿಮೆ. ಅಹೋರ್ನ್‌ನಿಂದ ಊರಿಗೆ ಒಂದು ಉದ್ದದ ದಾರಿ ಇದೆ. ಅದು ನಿಮಗಲ್ಲ. ಸುಮ್ನೆ ಕೇಬಲ್ ಕಾರ್ ಹಿಡಿದು ಇಳಿಯಿರಿ.

ಪೆಂಕನ್‌ಗೆ ಹೋಗುವುದು ಆಮೇಲೆ, ಎರಡೂ ಎಡ್ಜ್ (ಬೋರ್ಡ್‌ನ ಅಂಚು) ಮೇಲೆ ಬೋರ್ಡ್ ನಿಲ್ಲಿಸಲು ಬಂದ ಮೇಲೆ. ಅಲ್ಲಿ ಲಿಫ್ಟ್‌ಗಳು ಜಾಸ್ತಿ, ಜನವೂ ಜಾಸ್ತಿ. ಹರಾಕಿರಿ ಅನ್ನುವ ಕಪ್ಪು ದಾರಿ ಇರುವುದೂ ಅಲ್ಲೇ, 78 ಪರ್ಸೆಂಟ್ ಇಳಿಜಾರು. ಅದರ ಹೆಸರಿನ ಫಲಕದ ಮುಂದೆ ಫೋಟೋ ತೆಗೆಸಿಕೊಳ್ಳಿ, ಅಷ್ಟು ಸಾಕು. ಜಿಗಿತದ ಆಟಕ್ಕೆಂದೇ ಇರುವ ಪೆಂಕನ್ ಪಾರ್ಕ್ ಮಾತ್ರ ತಪ್ಪಿಸಬೇಡಿ. ಜಿಗಿದು ಗಾಳಿಯಲ್ಲಿ ತಿರುಗುವ ಹುಡುಗ-ಹುಡುಗಿಯರನ್ನು ನೋಡುತ್ತಾ ಕೂತರೆ ಒಂದು ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ.

ಕಲಿಕೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಸ್ಕೀ ಮಾಡುವ ಗೆಳೆಯರು ಕೊಡುವ ಸಲಹೆ ಬೋರ್ಡ್‌ಗೆ ಸರಿಹೊಂದುವುದಿಲ್ಲ. ಸ್ಕೀಯಲ್ಲಿ ಮೊದಲ ದಿನ ಸಲೀಸು, ಆಮೇಲೆ ನಿಧಾನ. ಬೋರ್ಡ್‌ನಲ್ಲಿ ತಿರುವುಮುರುವು. ಶುರುವಿನಲ್ಲಿ ಬರೀ ಬೀಳುವುದೇ ಕೆಲಸ. ಮುಂದೆ ಒಮ್ಮೆ, ಹಿಂದೆ ಒಮ್ಮೆ. ಕೆಳಮುಖದ ಎಡ್ಜ್ ಸ್ನೋಗೆ ಸಿಕ್ಕಿಕೊಂಡರೆ ಯಾರೋ ಎತ್ತಿ ಕುಕ್ಕಿದ ಹಾಗೆ ಬೀಳುತ್ತೀರಿ. ಬೀಳುವಾಗ ಅಂಗೈ ಚಾಚಬೇಡಿ. ಮುಷ್ಟಿ ಹಿಡಿದು ಮುಂಗೈ ಮೇಲೆ ಬೀಳುವುದನ್ನು ರೂಢಿಸಿಕೊಳ್ಳಿ. ಹೊಸಬರು ಹೆಚ್ಚಾಗಿ ಪೆಟ್ಟು ಮಾಡಿಕೊಳ್ಳುವುದು ಮಣಿಕಟ್ಟಿಗೆ. ಹೆಲ್ಮೆಟ್ ಬಾಡಿಗೆಗೆ ಸಿಗುತ್ತದೆ. ರಿಸ್ಟ್ ಗಾರ್ಡ್ ಮತ್ತು ಸೊಂಟಕ್ಕೆ ಪ್ಯಾಡ್ ಇರುವ ಒಳಚಡ್ಡಿಯನ್ನು ಮೊದಲೇ ಕೊಂಡುಕೊಂಡು ಹೋಗಿ. ಈ ಒಳಚಡ್ಡಿ ನೋಡಿ ನಗುವವರಿರುತ್ತಾರೆ, ನಗಲಿ.

ಬಾಡಿಗೆ ಅಂಗಡಿಯಲ್ಲಿ ಯಾವ ಕಾಲು ಮುಂದೆ ಅಂತ ಕೇಳುತ್ತಾರೆ. ಎಡಗಾಲು ಮುಂದಾದರೆ ರೆಗ್ಯುಲರ್, ಬಲಗಾಲಾದರೆ ಗೂಫಿ. ಗೊತ್ತಿಲ್ಲದಿದ್ದರೆ ಗೆಳೆಯರಿಗೆ ಹಿಂದಿನಿಂದ ಮೆಲ್ಲಗೆ ತಳ್ಳಲು ಹೇಳಿ, ತಾನಾಗಿ ಮುಂದೆ ಬರುವ ಕಾಲು ನಿಮ್ಮದು. ಹೊಸಬರಿಗೆ ಅಂತಲೇ ಇರುವ ಮೆತ್ತಗಿನ ಬೋರ್ಡ್ ಕೇಳಿ. ಬೂಟಿನ ವಿಷಯದಲ್ಲಿ ಸಂಕೋಚ ಬೇಡ, ನಾಲ್ಕು ಜೊತೆ ಹಾಕಿ ನೋಡಿದರೂ ಪರವಾಗಿಲ್ಲ. ಹಿಮ್ಮಡಿ ಮೇಲೇಳದ ಬೂಟೇ ಬೇಕು. ಕಾಟನ್ ಬನಿಯನ್, ಕಾಟನ್ ಕಾಲುಚೀಲ ಬೇಡ, ಬೆವರು ಹೀರಿ ಒದ್ದೆಯಾಗಿ ಚಳಿ ಹಿಡಿಸುತ್ತವೆ.

ಇನ್ನು ಲಿಫ್ಟ್. ಕೂತು ಹೋಗುವ ಚೇರ್‌ಲಿಫ್ಟ್ ಪರವಾಗಿಲ್ಲ. ಕಾಲಿನ ಮಧ್ಯೆ ಅಥವಾ ಸೊಂಟದ ಹಿಂದೆ ಕೋಲು ಸಿಕ್ಕಿಸಿ ಎಳೆದುಕೊಂಡು ಹೋಗುವ ಲಿಫ್ಟ್‌ಗಳು ಬೋರ್ಡ್‌ನವರಿಗೆ ಶತ್ರು. ಅಡ್ಡ ನಿಂತುಕೊಂಡು ಮೇಲಕ್ಕೆ ಎಳೆಸಿಕೊಳ್ಳುವುದು ಅಂದರೆ ಸುಮ್ಮನೆ ಅಲ್ಲ. ದಿನದ ದಾರಿ ಗೊತ್ತು ಮಾಡುವಾಗ ಮ್ಯಾಪಿನಲ್ಲಿ ಲಿಫ್ಟ್ ಯಾವ ಬಗೆಯದು ಅಂತಲೂ ನೋಡಿ. ಸಮತಟ್ಟಾದ ದಾರಿಗಳನ್ನೂ ನೋಡಿಕೊಳ್ಳಿ. ಸ್ಕೀಯವರು ಕೋಲು ಊರಿಕೊಂಡು ದಾಟುತ್ತಾರೆ. ನಾವು ಒಂದು ಕಾಲು ಬಿಚ್ಚಿ ತಳ್ಳಿಕೊಂಡು ಹೋಗಬೇಕು. ಕ್ಲಾಸಿಗೆ ದುಡ್ಡು ಉಳಿಸಬೇಡಿ. ಗುಂಪಿನ ಕ್ಲಾಸೇ ಸಾಕು, ಮೇಷ್ಟ್ರುಗಳಿಗೆ ಇಂಗ್ಲಿಷ್ ಬರುತ್ತದೆ. ಆ ಗುಂಪಿನವರೇ ಸಂಜೆ ಬಾರ್‌ಗೂ ಜೊತೆಯಾಗುತ್ತಾರೆ. ಒಬ್ಬರೇ ಹೋಗುವವರಿಗೆ ಇದಕ್ಕಿಂತ ಸುಲಭದ ಪರಿಚಯ ಸಿಗುವುದಿಲ್ಲ.

ಸಂಜೆಯ ಲೆಕ್ಕ ನಮ್ಮ ಬೆಂಗಳೂರಿನ ಪಬ್ ಲೆಕ್ಕದ ಹಾಗಲ್ಲ. ಇಲ್ಲಿ ಪಾರ್ಟಿ ಶುರುವಾಗುವುದು ಮಧ್ಯಾಹ್ನ ಮೂರು-ನಾಲ್ಕಕ್ಕೆ. ಒದ್ದೆ ಜಾಕೆಟ್, ಗಾಗಲ್ಸ್ ಸಮೇತ ನೇರ ಬಾರ್‌ಗೆ. ಎಂಟರ ಹೊತ್ತಿಗೆ ಒಂದು ಸುತ್ತು ಮುಗಿದು ಜನ ಊಟಕ್ಕೆ ಹೋಗುತ್ತಾರೆ. ಆಮೇಲೆ ಇನ್ನೊಂದು ಸುತ್ತು. ಐಸ್ ಬಾರ್ ಮೊದಲ ಸುತ್ತಿಗೆ. ಬ್ರ್ಯೂಕ್‌ನ್‌ಸ್ಟಾಡಲ್‌ನಲ್ಲಿ ಜರ್ಮನ್ ಹಾಡುಗಳ ಅಬ್ಬರ, ಪದ ಗೊತ್ತಿಲ್ಲದಿದ್ದರೂ ಎರಡನೇ ಸಲಕ್ಕೆ ನೀವೂ ಕೂಗುತ್ತೀರಿ. ತಡರಾತ್ರಿಗೆ ಸ್ಟ್ರಾಸ್‌ನವರದೇ ಅರೀನಾ ಕ್ಲಬ್. ಗದ್ದಲ ಬೇಡ, ಕೂತು ಮಾತಾಡಬೇಕು ಅಂದರೆ ಸ್ಕಾಟ್‌ಲೆಂಡ್ ಯಾರ್ಡ್ ಪಬ್. ಅಹೋರ್ನ್ ಮೇಲೆ ವೈಟ್ ಲೌಂಜ್ ಅಂತ ಹಿಮದಲ್ಲೇ ಕಟ್ಟುವ ಇಗ್ಲೂ ಬಾರ್ ಇದೆ. ಹಗಲು ಬಿಸಿಲಿಗೆ ಕೂರಲು ಚೆನ್ನ, ಕೊನೆಯ ಕೇಬಲ್ ಕಾರ್ ಎಷ್ಟು ಗಂಟೆಗೆ ಅಂತ ನೋಡಿಕೊಂಡೇ ಕೂರಿ. 2019ರ ನವೆಂಬರ್‌ನಿಂದ ಆಸ್ಟ್ರಿಯಾದ ಬಾರ್‌ಗಳ ಒಳಗೆ ಸಿಗರೇಟ್ ನಿಷೇಧ, ಹಾಗಾಗಿ ಹೊಗೆಯ ಕಾಟವಿಲ್ಲ. ಬಿಯರ್ ಕುಡಿಯುವವರು ಪಕ್ಕದ ಊರು ತ್ಸೆಲ್‌ನ ಝಿಲ್ಲರ್‌ಟಾಲ್ ಬಿಯರ್ ಕೇಳಿ. ಆ ಬ್ರೂವರಿ 1500ರಿಂದ ಇದೆ.

ಬೋರ್ಡ್‌ನವರಿಗೆ ಇಲ್ಲೊಂದು ಲಾಭ. ನಮ್ಮ ಬೂಟು ಮೆತ್ತಗಿರುತ್ತದೆ. ಸ್ಕೀ ಬೂಟು ಪ್ಲಾಸ್ಟಿಕ್ಕಿನ ಗಟ್ಟಿ ಬೂಟು, ಅದರಲ್ಲಿ ಮೆಟ್ಟಿಲು ಇಳಿಯುವುದೇ ಸಾಹಸ. ಜೊತೆಗಿದ್ದ ಪುತ್ತೂರಿನ ಗೆಳೆಯ ಸ್ಕೀ ಬೂಟಿನಲ್ಲಿ ಒದ್ದಾಡುತ್ತಾ, "ಎಂಥ ಮಾರಾಯ, ನೀನು ಮನೆಯಲ್ಲಿ ನಡೆದ ಹಾಗೆ ನಡೆಯುತ್ತಿ ಅಲ್ವಾ" ಅಂತ ಹೊಟ್ಟೆ ಉರಿಸಿಕೊಂಡ. ಆದರೆ ಬೋರ್ಡನ್ನು ಬಾರ್ ಮುಂದೆ ಒರಗಿಸಿ ಒಳಗೆ ಹೋಗಬೇಡಿ. ಬಾಡಿಗೆ ಬೋರ್ಡ್‌ಗಳು ನೋಡಲು ಎಲ್ಲ ಒಂದೇ ಥರ, ಅದಲು ಬದಲಾಗುತ್ತವೆ. ಗೊಂಡೋಲ ನಿಲ್ದಾಣದ ಬಳಿ ಡಿಪೋ ಇರುತ್ತದೆ, ಅಲ್ಲಿಟ್ಟು ಹೋಗಿ.

ಜೋರು ಪಾರ್ಟಿಯನ್ನು ವಿಶ್ರಾಂತಿ ದಿನದ ಹಿಂದಿನ ರಾತ್ರಿಗೆ ಇಟ್ಟುಕೊಳ್ಳಿ. ಬೆಳಗಿನ ಕ್ಲಾಸಿಗೆ ತಲೆನೋವಿನಲ್ಲಿ ಹೋದರೆ ದುಡ್ಡೂ ದಂಡ, ಮೈಗೂ ಪೆಟ್ಟು. ಮಧ್ಯಾಹ್ನ ಬೆಟ್ಟದ ಮೇಲಿನ ಗುಡಿಸಲು ಹೋಟೆಲುಗಳಲ್ಲಿ ಕುಡಿಯುವವರನ್ನು ಕಂಡು ಆಸೆಪಡಬೇಡಿ. ಬೋರ್ಡ್ ಬಿಚ್ಚಿಟ್ಟ ಮೇಲೆಯೇ ಗ್ಲಾಸ್.

ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ. ಚೀಸ್ ಮತ್ತು ಹುರಿದ ಈರುಳ್ಳಿ ಹಾಕಿದ ಕೇಸೆಶ್ಪೆಟ್ಸ್ಲೆ ಹೊಟ್ಟೆ ತುಂಬಿಸುತ್ತದೆ. ಗೆರ್ಮ್‌ಕ್ನೋಡೆಲ್ ಅಂದರೆ ಆವಿಯಲ್ಲಿ ಬೇಯಿಸಿದ ದೊಡ್ಡ ಉಂಡೆ, ಒಳಗೆ ಪ್ಲಮ್ ಜಾಮ್, ಮೇಲೆ ಗಸಗಸೆ. ನಮ್ಮ ಸಿಹಿ ಕಡುಬಿನ ದೂರದ ನೆಂಟನ ಹಾಗಿದೆ. ಒಂದು ಎಚ್ಚರಿಕೆ. ಕಾಸ್‌ಪ್ರೆಸ್‌ಕ್ನೋಡೆಲ್ ಸೂಪ್‌ನಲ್ಲಿ ಉಂಡೆ ಚೀಸಿನದೇ, ಆದರೆ ಅದು ತೇಲುವ ಸಾರು ಸಾಮಾನ್ಯವಾಗಿ ದನದ ಮಾಂಸದ್ದು. ಕೇಳಿ ತಿನ್ನಿ.

ದುಡ್ಡಿನ ಮಾತು. ಒಂದು ದಿನದ ಲಿಫ್ಟ್ ಪಾಸ್ 70 ಯೂರೋ ದಾಟುತ್ತದೆ. ಹಲವು ದಿನದ ಪಾಸ್ ಇಡೀ ಝಿಲ್ಲರ್‌ಟಾಲ್‌ಗೆ ನಡೆಯುತ್ತದೆ, ವರ್ಷವಿಡೀ ತೆರೆದಿರುವ ಹಿಂಟರ್‌ಟುಕ್ಸ್ ಹಿಮನದಿಯೂ ಅದರಲ್ಲೇ ಬರುತ್ತದೆ. ಕೆಳಗೆ ಸ್ನೋ ಕರಗಿದ ವರ್ಷ ಇದು ಉಪಯೋಗಕ್ಕೆ ಬರುತ್ತದೆ. ಇಷ್ಟೆಲ್ಲ ಖರ್ಚು ಬೇಡ ಅನ್ನುವವರಿಗೆ ಬಲ್ಗೇರಿಯಾದ ಬಾನ್ಸ್ಕೋ ಇದೆ. ಊಟ, ಬಿಯರ್ ಅಗ್ಗ, ರಾತ್ರಿ ಮೆಹಾನಾ ಅನ್ನುವ ಹೋಟೆಲುಗಳಲ್ಲಿ ಜಾನಪದ ಹಾಡು. ಆದರೆ ಬೆಳಗ್ಗೆ ಗೊಂಡೋಲ ಕ್ಯೂ ತಾಳ್ಮೆ ಪರೀಕ್ಷಿಸುತ್ತದೆ. ಇಶ್ಗಲ್‌ನಲ್ಲಿ ಗೊಂಡೋಲದಲ್ಲಿ ಇಳಿಯಬಹುದು, ಆದರೆ ಜೇಬು ಗಟ್ಟಿ ಇರಬೇಕು. ಆಸ್ಟ್ರಿಯಾದ್ದೇ ಆದ ಸಾಲ್‌ಬಾಖ್ ನನ್ನ ಎರಡನೇ ಆಯ್ಕೆ, ಅಲ್ಲಿನ ಬೆಟ್ಟಗಳು ಮೆತ್ತಗಿವೆ. ಗುಲ್ಮಾರ್ಗ್‌ನಲ್ಲೂ ಬೋರ್ಡ್ ಕಲಿಯಬಹುದು, ರಾತ್ರಿ ಕುಣಿತ ಮಾತ್ರ ಅಲ್ಲಿ ಕೇಳಬೇಡಿ.

ಮ್ಯೂನಿಕ್‌ನಿಂದ ರೈಲು ಸುಖ. ಯೆನ್‌ಬಾಖ್‌ನಲ್ಲಿ ಇಳಿದು ಝಿಲ್ಲರ್‌ಟಾಲ್‌ಬಾನ್ ಅನ್ನುವ ಪುಟ್ಟ ರೈಲು ಹತ್ತಿದರೆ ಒಂದು ಗಂಟೆಯೊಳಗೆ ಮೈರ್‌ಹೋಫೆನ್, ಅದೇ ಕೊನೆಯ ನಿಲ್ದಾಣ. 760 ಮಿಲಿಮೀಟರ್ ಅಗಲದ ಹಳಿ, 1902ರಿಂದ ಓಡುತ್ತಿದೆ. ಕಾರಿನಲ್ಲಿ ಹೋಗುವವರು ಆಸ್ಟ್ರಿಯಾದ ಹೈವೇ ವಿನ್ಯೆಟ್ (ಟೋಲ್ ಪಾಸ್) ಮೊದಲೇ ಆನ್‌ಲೈನ್‌ನಲ್ಲಿ ಕೊಳ್ಳಿ, ಚಳಿಗಾಲದ ಟೈರ್ ಇರಲಿ. ಜರ್ಮನಿಗೆ ವಾಪಸಾಗುವಾಗ ಗಡಿಯಲ್ಲಿ ಪೊಲೀಸರು ತಪಾಸಣೆ ಮಾಡುತ್ತಾರೆ. ಪಾಸ್‌ಪೋರ್ಟ್, ರೆಸಿಡೆನ್ಸ್ ಕಾರ್ಡ್ ಎರಡೂ ಒರಿಜಿನಲ್ ಜೊತೆಗಿರಲಿ. ಭಾರತದಿಂದ ಬರುವವರು ಷೆಂಗೆನ್ ವೀಸಾಗೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು.

ವಿಮೆ ಮರೆಯಬೇಡಿ. ಬೆಟ್ಟದಿಂದ ಹೆಲಿಕಾಪ್ಟರ್‌ನಲ್ಲಿ ಇಳಿಸಿದರೆ ಬರುವ ಬಿಲ್ ಜರ್ಮನಿಯ ಸಾಮಾನ್ಯ ಆರೋಗ್ಯ ವಿಮೆಯಲ್ಲಿ ಸೇರಿಲ್ಲ. ಆಸ್ಟ್ರಿಯಾದ ಆಲ್ಪೆನ್‌ಫೆರೈನ್ ಅನ್ನುವ ಪರ್ವತಾರೋಹಣ ಸಂಘದ ಸದಸ್ಯರಾದರೆ ರಕ್ಷಣಾ ಖರ್ಚಿನ ವಿಮೆ ಅದರಲ್ಲೇ ಬರುತ್ತದೆ. ಭಾರತದಿಂದ ಬರುವವರು ಪಾಲಿಸಿಯಲ್ಲಿ ವಿಂಟರ್ ಸ್ಪೋರ್ಟ್ಸ್ ಸೇರಿದೆಯಾ ಅಂತ ಓದಿ ನೋಡಿ.

ಯಾವಾಗ ಹೋಗಬೇಕು? ಕ್ರಿಸ್‌ಮಸ್, ಹೊಸ ವರ್ಷ ಮತ್ತು ಫೆಬ್ರವರಿಯ ಶಾಲಾ ರಜೆ ಬಿಡಿ. ಆಗ ರೂಮಿನ ಬೆಲೆ ಏರುತ್ತದೆ, ಕ್ಲಾಸಿನ ಗುಂಪೂ ದೊಡ್ಡದಾಗುತ್ತದೆ. ಜನವರಿಯ ಎರಡನೇ ವಾರದ ನಂತರ ಅಗ್ಗ, ಚಳಿ ಮಾತ್ರ ಕಟ್ಟುನಿಟ್ಟು. ಮಾರ್ಚ್‌ನಲ್ಲಿ ಬಿಸಿಲು ಜಾಸ್ತಿ, ಮಧ್ಯಾಹ್ನದ ಸ್ನೋ ಮೆತ್ತಗೆ, ಬಿದ್ದರೂ ನೋವು ಕಡಿಮೆ. ನನ್ನ ಓಟು ಮಾರ್ಚ್‌ಗೆ. ತುಂಬಾ ಹೋಟೆಲುಗಳಲ್ಲಿ ಶನಿವಾರದಿಂದ ಶನಿವಾರದ ಲೆಕ್ಕ, ಹಾಗಾಗಿ ಆ ದಿನ ಕಣಿವೆಯ ಒಂದೇ ಮುಖ್ಯ ರಸ್ತೆ ಜಾಮ್ ಆಗುತ್ತದೆ. ಭಾನುವಾರ ಹೋಗಿ ವಾರದ ನಡುವೆ ಹೊರಡುವ ಹಾಗೆ ರೂಮ್ ಸಿಕ್ಕರೆ ಹಿಡಿಯಿರಿ. ರೂಮ್ ಪೆಂಕನ್‌ಬಾನ್‌ಗೆ ನಡೆದು ಹೋಗುವಷ್ಟು ಹತ್ತಿರ ಇರಲಿ, ಆದರೆ ಬಾರ್‌ನ ನೆತ್ತಿ ಮೇಲೆ ಬೇಡ. ಬುಕ್ ಮಾಡುವ ಮೊದಲು ಮ್ಯಾಪಿನಲ್ಲಿ ನೋಡಿಕೊಳ್ಳಿ.